ಹೈಡ್ರಾಲಿಕ್ ಕ್ಲಚ್ (ಆಫ್-ರೋಡ್ ಮೋಟಾರ್‌ಸೈಕಲ್)

ಹೈಡ್ರಾಲಿಕ್ ಕ್ಲಚ್ ಎಂಬುದು ಕೇಬಲ್‌ನ ಬದಲು ಕೊಳವೆಯೊಳಗಿನ ದ್ರವದ ಒತ್ತಡದಿಂದ ಮೋಟಾರ್‌ಸೈಕಲ್‌ನ ಕ್ಲಚ್ ಫಲಕಗಳನ್ನು ಬೇರ್ಪಡಿಸುವ ವ್ಯವಸ್ಥೆ. ಕಚ್ಚಾ ದಾರಿ, ಮರಳು, ಕೆಸರು ಮತ್ತು ಗುಡ್ಡಗಾಡುಗಳಲ್ಲಿ ಓಡುವ ಎಂಡ್ಯೂರೊ, ಮೋಟೊಕ್ರಾಸ್ ಹಾಗೂ ರ‍್ಯಾಲಿ ಬೈಕುಗಳಲ್ಲಿ ಇದರ ಬಳಕೆ ಹೆಚ್ಚು. ಲಿವರ್ ಹಗುರವಾಗಿರುವುದು ಮತ್ತು ಫಲಕಗಳ ಸವೆತಕ್ಕೆ ತಕ್ಕಂತೆ ವ್ಯವಸ್ಥೆ ತಾನಾಗಿಯೇ ಹೊಂದಿಕೊಳ್ಳುವುದು ಇದರ ಮುಖ್ಯ ಅನುಕೂಲಗಳು. ಆದರೆ ಹೀಗೆ ತಾನಾಗಿ ಹೊಂದಿಕೊಳ್ಳುವ ಗುಣದಿಂದಲೇ ಇದರ ದೋಷಗಳು ಬೇಗ ಹೊರಗೆ ಕಾಣುವುದಿಲ್ಲ. ಕ್ಲಚ್ ಕೈಕೊಟ್ಟಾಗ ಫಲಕಗಳು ಸುಟ್ಟಿವೆಯೆಂದು ಭಾವಿಸಿ ಎಂಜಿನ್ ಬಿಚ್ಚುವ ಮೊದಲು, ಲಿವರಿನಿಂದ ಆರಂಭಿಸಿ ದ್ರವದ ಹಾದಿಯನ್ನು ಕ್ರಮವಾಗಿ ಪರೀಕ್ಷಿಸುವುದು ದೋಷ ಪತ್ತೆಯ ಸರಿಯಾದ ವಿಧಾನ.

ಆಡುಮಾತಿನಲ್ಲಿ 'ಕ್ಲಚ್ ಹಿಡಿ' ಎಂದರೆ ಲಿವರ್ ಒತ್ತು ಎಂದರ್ಥ. ಆಗ ಎಂಜಿನ್ನಿನೊಳಗಿನ ಫಲಕಗಳು ಹಿಡಿತ ಬಿಡುತ್ತವೆ. ಗೊಂದಲವಾಗದಂತೆ ಈ ಲೇಖನದಲ್ಲಿ ಕೈಯ ಕೆಲಸಕ್ಕೆ 'ಲಿವರ್ ಒತ್ತುವುದು, ಬಿಡುವುದು' ಎಂದೂ, ಒಳಗಿನ ಕ್ರಿಯೆಗೆ 'ಫಲಕಗಳು ಬೇರ್ಪಡುವುದು, ಕೂಡಿಕೊಳ್ಳುವುದು' ಎಂದೂ ಬಳಸಲಾಗಿದೆ.

ಹಿನ್ನೆಲೆ

ದೀರ್ಘಕಾಲ ಮೋಟಾರ್‌ಸೈಕಲ್‌ಗಳ ಕ್ಲಚ್ ಉಕ್ಕಿನ ಕೇಬಲ್‌ನಿಂದಲೇ ನಡೆಯುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಬೈಕುಗಳು ಕೂಡ ಕೇಬಲ್ ಕ್ಲಚ್‌ನವೇ. ಕೇಬಲ್ ಸಡಿಲವಾದರೆ ತಿರುಪು ತಿರುಗಿಸಿ ಬಿಗಿ ಮಾಡುವುದು, ಎಣ್ಣೆ ಬಿಡುವುದು, ತುಂಡಾದರೆ ಹೊಸದು ಹಾಕುವುದು ಇವು ಊರೂರಿನ ಗ್ಯಾರೇಜುಗಳಲ್ಲಿ ನಡೆಯುವ ಸಾಮಾನ್ಯ ದುರಸ್ತಿಗಳು.

ಜಪಾನಿನ ಹೋಂಡಾ ಕಂಪನಿಯು 1980ರ ದಶಕದ ಆರಂಭದಲ್ಲಿ ತನ್ನ ದೊಡ್ಡ ರಸ್ತೆ ಬೈಕುಗಳಲ್ಲಿ ಹೈಡ್ರಾಲಿಕ್ ಕ್ಲಚ್ ಅಳವಡಿಸಿತು. ಆಫ್-ರೋಡ್ ಬೈಕುಗಳಲ್ಲಿ ಇದನ್ನು ವ್ಯಾಪಕವಾಗಿ ಬಳಕೆಗೆ ತಂದ ಕಂಪನಿಗಳಲ್ಲಿ ಆಸ್ಟ್ರಿಯಾದ ಕೆಟಿಎಂ ಪ್ರಮುಖವಾದುದು. ಕವಾಸಕಿಯ ಕೆಎಕ್ಸ್ 450 ಮೋಟೊಕ್ರಾಸ್ ಬೈಕಿಗೆ ಈ ವ್ಯವಸ್ಥೆ ಬಂದದ್ದು 2019ರ ಮಾದರಿಯಲ್ಲಿ.

ಭಾರತದಲ್ಲಿ ಕಚ್ಚಾ ದಾರಿಗೆಂದು ಹೆಚ್ಚಾಗಿ ಮಾರಾಟವಾಗುವ ಹೀರೊ ಎಕ್ಸ್‌ಪಲ್ಸ್ 200, ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಮತ್ತು ಕೆಟಿಎಂ 390 ಅಡ್ವೆಂಚರ್ ಬೈಕುಗಳು ಕೇಬಲ್ ಕ್ಲಚ್ ಹೊಂದಿವೆ. ರ‍್ಯಾಲಿ ಬೈಕುಗಳು, ಆಮದಾದ ಎಂಡ್ಯೂರೊ ಮತ್ತು ಮೋಟೊಕ್ರಾಸ್ ಬೈಕುಗಳು ಹಾಗೂ ಕೆಲವು ದೊಡ್ಡ ಅಡ್ವೆಂಚರ್ ಬೈಕುಗಳು ಹೈಡ್ರಾಲಿಕ್ ಕ್ಲಚ್ ಹೊಂದಿರುತ್ತವೆ. 2024ರ ನವೆಂಬರಿನಲ್ಲಿ ಭಾರತದ ಮಾರುಕಟ್ಟೆಗೆ ಬಂದ ಕೆಟಿಎಂ 350 ಇಎಕ್ಸ್‌ಸಿ-ಎಫ್ ಇಂಥ ಒಂದು ಬೈಕು. ಆದ್ದರಿಂದ ಕೇಬಲ್ ಕ್ಲಚ್‌ನಲ್ಲಿ ಪಳಗಿದ ಸವಾರರು ಮತ್ತು ಮೆಕ್ಯಾನಿಕ್‌ಗಳು ಹೈಡ್ರಾಲಿಕ್ ಕ್ಲಚ್ ಎದುರಾದಾಗ ಅಭ್ಯಾಸಬಲದಿಂದ ತಪ್ಪು ಮಾಡುವ ಸಂಭವವಿದೆ.

ರಚನೆ

ಈ ವ್ಯವಸ್ಥೆಯ ಮುಖ್ಯ ಭಾಗಗಳು ಹೀಗಿವೆ:

1. ಲಿವರ್: ಹ್ಯಾಂಡಲಿನ ಎಡಬದಿಯಲ್ಲಿ ಬೆರಳಿನಿಂದ ಒತ್ತುವ ಭಾಗ.
2. ಮಾಸ್ಟರ್ ಸಿಲಿಂಡರ್: ಲಿವರಿಗೆ ತಾಗಿಕೊಂಡಿರುವ ಸಣ್ಣ ಸಿಲಿಂಡರ್. ಇದರೊಳಗಿನ ಪಿಸ್ಟನ್ ದ್ರವವನ್ನು ತಳ್ಳುತ್ತದೆ.
3. ದ್ರವದ ತೊಟ್ಟಿ: ಮಾಸ್ಟರ್ ಸಿಲಿಂಡರಿನ ಮೇಲಿರುವ ಚಿಕ್ಕ ಡಬ್ಬಿ. ಇದರ ಮುಚ್ಚಳದ ಕೆಳಗೆ ರಬ್ಬರಿನ ಪೊರೆಯಿರುತ್ತದೆ. ತೊಟ್ಟಿಯ ತಳದಲ್ಲಿ ಮಾಸ್ಟರ್ ಸಿಲಿಂಡರಿಗೆ ತೆರೆದುಕೊಳ್ಳುವ, ಸೂಜಿಮೊನೆಯಷ್ಟು ಸಣ್ಣದಾದ ಮರಳುರಂಧ್ರವಿರುತ್ತದೆ. ಲಿವರ್ ಪೂರ್ತಿ ಬಿಟ್ಟಾಗ ಮಾತ್ರ ದ್ರವ ಈ ರಂಧ್ರದ ಮೂಲಕ ತೊಟ್ಟಿಗೆ ಹಿಂದಿರುಗುತ್ತದೆ.
4. ಕೊಳವೆ: ಹ್ಯಾಂಡಲಿನಿಂದ ಎಂಜಿನ್ನಿನವರೆಗೆ ದ್ರವವನ್ನು ಒಯ್ಯುವ ಬಲವಾದ ನಳಿಕೆ.
5. ಸ್ಲೇವ್ ಸಿಲಿಂಡರ್: ಎಂಜಿನ್ನಿನ ಬದಿಯಲ್ಲಿರುವ ದೊಡ್ಡ ವ್ಯಾಸದ ಸಿಲಿಂಡರ್. ಹಲವು ಬೈಕುಗಳಲ್ಲಿ ಇದು ಎಡಬದಿಯಲ್ಲಿ, ಚೈನಿನ ಮುಂದಿನ ಹಲ್ಲುಗಾಲಿಯ ಹತ್ತಿರವಿರುತ್ತದೆ.
6. ಗಾಳಿ ತೆಗೆಯುವ ತಿರುಪು: ಸಾಮಾನ್ಯವಾಗಿ ಸ್ಲೇವ್ ಸಿಲಿಂಡರಿನ ಮೇಲಿರುತ್ತದೆ.
7. ತಳ್ಳುಕಡ್ಡಿ ಮತ್ತು ಫಲಕಗಳ ಕಟ್ಟು: ಸ್ಲೇವ್ ಪಿಸ್ಟನ್ ತಳ್ಳುಕಡ್ಡಿಯನ್ನು ಒತ್ತಿದಾಗ ಸ್ಪ್ರಿಂಗ್‌ಗಳ ಬಿಗಿತ ಸಡಿಲಗೊಂಡು ಘರ್ಷಣೆ ಫಲಕಗಳೂ ಉಕ್ಕಿನ ಫಲಕಗಳೂ ಬೇರ್ಪಡುತ್ತವೆ.

ಕಾರ್ಯತತ್ತ್ವ

ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬುದು 17ನೇ ಶತಮಾನದ ಫ್ರೆಂಚ್ ವಿಜ್ಞಾನಿ ಬ್ಲೇಸ್ ಪಾಸ್ಕಲ್ ನಿರೂಪಿಸಿದ ನಿಯಮ. ಪ್ರೌಢಶಾಲೆಯ ವಿಜ್ಞಾನದಲ್ಲಿ ಸಣ್ಣ ಮತ್ತು ದೊಡ್ಡ ಸಿರಿಂಜುಗಳನ್ನು ನಳಿಕೆಯಿಂದ ಜೋಡಿಸಿ ತೋರಿಸುವ ಪ್ರಯೋಗದ ತತ್ತ್ವವೇ ಹೈಡ್ರಾಲಿಕ್ ಕ್ಲಚ್‌ನಲ್ಲಿಯೂ ಇದೆ. ಸಣ್ಣ ಸಿರಿಂಜನ್ನು ಹಗುರವಾಗಿ ಒತ್ತಿದರೆ ದೊಡ್ಡದು ಹೆಚ್ಚು ಬಲದಿಂದ, ಆದರೆ ಕಡಿಮೆ ದೂರ ಚಲಿಸುತ್ತದೆ.

ಒಂದು ಉದಾಹರಣೆ ನೋಡಬಹುದು. ಮಾಸ್ಟರ್ ಪಿಸ್ಟನ್ನಿನ ವ್ಯಾಸ 10 ಮಿ.ಮೀ., ಸ್ಲೇವ್ ಪಿಸ್ಟನ್ನಿನದು 30 ಮಿ.ಮೀ. ಎಂದುಕೊಂಡರೆ ಅವುಗಳ ವಿಸ್ತೀರ್ಣದ ಅನುಪಾತ 1:9. ಬಲ 9 ಪಟ್ಟು ಹೆಚ್ಚುತ್ತದೆ, ಚಲನೆ 9ರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ಮಾಸ್ಟರ್ ಪಿಸ್ಟನ್ 13.5 ಮಿ.ಮೀ. ಚಲಿಸಿದರೆ ಸ್ಲೇವ್ ಪಿಸ್ಟನ್ ಚಲಿಸುವುದು 1.5 ಮಿ.ಮೀ. ಮಾತ್ರ. ಈ ಇಡೀ ಕ್ರಿಯೆಯಲ್ಲಿ ಸರಿಯುವ ದ್ರವದ ಪ್ರಮಾಣ ಸುಮಾರು 1 ಮಿಲಿಲೀಟರ್, ಅಂದರೆ ಸುಮಾರು ಇಪ್ಪತ್ತು ಹನಿ.

ಹೈಡ್ರಾಲಿಕ್ ಕ್ಲಚ್‌ನ ಬಹುಪಾಲು ತೊಂದರೆಗಳು ಈ ಲೆಕ್ಕದಿಂದ ಅರ್ಥವಾಗುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು. ಕೊಳವೆಯಲ್ಲಿ ಅರ್ಧ ಮಿಲಿಲೀಟರ್ ಗಾಳಿ ಸೇರಿದ್ದು, ಒತ್ತಡ ವಾಯುಭಾರದ 20 ಪಟ್ಟಿಗೆ ಏರಿದರೆ, ಆ ಗುಳ್ಳೆ ಇಪ್ಪತ್ತರಲ್ಲಿ ಒಂದು ಭಾಗಕ್ಕೆ ಕುಗ್ಗುತ್ತದೆ. ಲಿವರ್ ತಳ್ಳಿದ ದ್ರವದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಈ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ವ್ಯಯವಾಗಿ, ಸ್ಲೇವ್ ಪಿಸ್ಟನ್ನಿನ ಚಲನೆ 1.5 ಮಿ.ಮೀ. ಬದಲು ಸುಮಾರು 0.8 ಮಿ.ಮೀ.ಗೆ ಇಳಿಯುತ್ತದೆ. ಫಲಕಗಳು ಪೂರ್ತಿ ಬೇರ್ಪಡುವುದಿಲ್ಲ. ಹತ್ತು ಹನಿಯಷ್ಟು ಗಾಳಿ ಇಡೀ ಕ್ಲಚ್ಚನ್ನು ಕೆಡಿಸಬಲ್ಲದು.

ದ್ರವದ ಮಟ್ಟ ಮತ್ತು ಫಲಕಗಳ ಸವೆತ

ಬ್ರೇಕಿನ ಪ್ಯಾಡ್‌ಗಳು ಸವೆದಂತೆ ಬ್ರೇಕ್ ತೊಟ್ಟಿಯಲ್ಲಿ ದ್ರವದ ಮಟ್ಟ ಇಳಿಯುತ್ತದೆ. ತಳ್ಳುಕಡ್ಡಿಯಿರುವ ಹೈಡ್ರಾಲಿಕ್ ಕ್ಲಚ್‌ನಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಫಲಕಗಳು ಸವೆದಂತೆ ದ್ರವದ ಮಟ್ಟ ಏರುತ್ತದೆ. ಫಲಕಗಳ ಕಟ್ಟು ತೆಳುವಾದಾಗ ಒತ್ತುಫಲಕ ಒಳಗೆ ಸರಿದು, ತಳ್ಳುಕಡ್ಡಿಯನ್ನೂ ಸ್ಲೇವ್ ಪಿಸ್ಟನ್ನನ್ನೂ ಹಿಂದಕ್ಕೆ ತಳ್ಳುತ್ತದೆ. ಅಲ್ಲಿದ್ದ ದ್ರವ ಮರಳಿ ತೊಟ್ಟಿಗೆ ಬರುತ್ತದೆ.

ಇದರಿಂದ ಎರಡು ತೀರ್ಮಾನಗಳು ಬರುತ್ತವೆ. ಮೊದಲನೆಯದಾಗಿ, ಕ್ಲಚ್ ತೊಟ್ಟಿಯಲ್ಲಿ ದ್ರವ ಕಡಿಮೆಯಾಗಿದ್ದರೆ ಅದಕ್ಕೆ ಸವೆತ ಕಾರಣವಾಗಿರಲಾರದು. ಎಲ್ಲಿಯೋ ಸೋರಿಕೆಯಿದೆ ಎಂದೇ ತಿಳಿಯಬೇಕು. ಎರಡನೆಯದಾಗಿ, ತೊಟ್ಟಿಯನ್ನು ಅಂಚಿನವರೆಗೆ ತುಂಬುವುದು ತಪ್ಪು. ಮುಂದೆ ಫಲಕಗಳು ಸವೆದಾಗ ಅಥವಾ ದ್ರವ ಬಿಸಿಯಾಗಿ ಹಿಗ್ಗಿದಾಗ ಅದಕ್ಕೆ ಹಿಂದಿರುಗಲು ಜಾಗವಿಲ್ಲದೆ, ಸ್ಲೇವ್ ಪಿಸ್ಟನ್ ಸದಾ ಸ್ವಲ್ಪ ಒತ್ತಿಕೊಂಡೇ ಉಳಿಯುತ್ತದೆ. ಲಿವರ್ ಮುಟ್ಟದಿದ್ದರೂ ಕ್ಲಚ್ ಜಾರತೊಡಗುತ್ತದೆ. ಒಳ್ಳೆಯದಾಗಲೆಂದು ದ್ರವ ತುಂಬಿದವರೇ ಹೀಗೆ ಫಲಕಗಳು ಸುಡಲು ಕಾರಣರಾಗಬಹುದು.

ದ್ರವದ ವಿಧಗಳು

ಹೈಡ್ರಾಲಿಕ್ ಕ್ಲಚ್‌ಗಳಲ್ಲಿ ಎರಡು ಬಗೆಯ ದ್ರವಗಳು ಬಳಕೆಯಲ್ಲಿವೆ: ಗ್ಲೈಕಾಲ್ ಆಧಾರಿತ ಬ್ರೇಕ್ ದ್ರವ ಮತ್ತು ಖನಿಜ ತೈಲ. ಬೈಕಿಗೆ ಯಾವುದು ಬೇಕೆಂಬುದು ತೊಟ್ಟಿಯ ಮುಚ್ಚಳದ ಮೇಲೆ ಅಥವಾ ಬೈಕಿನ ಕೈಪಿಡಿಯಲ್ಲಿ ಬರೆದಿರುತ್ತದೆ.

ಬ್ರೇಕ್ ದ್ರವಗಳ ಕನಿಷ್ಠ ಕುದಿಬಿಂದುಗಳು ಹೀಗಿವೆ. 'ತೇವ' ಎಂದರೆ ಸುಮಾರು ಶೇ. 3.7ರಷ್ಟು ನೀರು ಬೆರೆತ ಸ್ಥಿತಿ.

ಡಾಟ್ 3: ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್, ತೇವವಿದ್ದಾಗ 140 ಡಿಗ್ರಿ
ಡಾಟ್ 4: ಹೊಸದಿದ್ದಾಗ 230 ಡಿಗ್ರಿ, ತೇವವಿದ್ದಾಗ 155 ಡಿಗ್ರಿ
ಡಾಟ್ 5.1: ಹೊಸದಿದ್ದಾಗ 260 ಡಿಗ್ರಿ, ತೇವವಿದ್ದಾಗ 180 ಡಿಗ್ರಿ

ಈ ಮೂರೂ ದ್ರವಗಳು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತವೆ. ಹಳೆಯದಾದಂತೆ ಅವುಗಳ ಕುದಿಬಿಂದು ಇಳಿಯುತ್ತದೆ. ಡಾಟ್ 5 ಎಂಬುದು ಸಿಲಿಕೋನ್ ಆಧಾರಿತವಾದ ಬೇರೆಯೇ ದ್ರವ. ಹೆಸರು ಹತ್ತಿರವಿದ್ದರೂ ಅದನ್ನು ಡಾಟ್ 4 ಅಥವಾ ಡಾಟ್ 5.1ರ ಜೊತೆ ಬೆರೆಸಬಾರದು.

ಖನಿಜ ತೈಲ ತೇವವನ್ನು ಹೀರಿಕೊಳ್ಳುವುದಿಲ್ಲ, ಬಣ್ಣವನ್ನು ಹಾಳುಮಾಡುವುದಿಲ್ಲ. ಆದರೆ ಎರಡೂ ವ್ಯವಸ್ಥೆಗಳ ರಬ್ಬರ್ ಸೀಲುಗಳು ಬೇರೆ ಬೇರೆ ಬಗೆಯವು. ಬ್ರೇಕ್ ದ್ರವಕ್ಕೆಂದು ಮಾಡಿದ ಸೀಲಿಗೆ ಖನಿಜ ತೈಲ ತಾಗಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಖನಿಜ ತೈಲದ ಸೀಲಿಗೆ ಬ್ರೇಕ್ ದ್ರವ ತಾಗಿದರೂ ಅದು ಕೆಡುತ್ತದೆ. ತಪ್ಪು ದ್ರವ ಒಮ್ಮೆ ಒಳಗೆ ಹೋದರೆ ಅದನ್ನು ಬಸಿದು ತೆಗೆದರೆ ಸಾಲದು. ಮಾಸ್ಟರ್ ಮತ್ತು ಸ್ಲೇವ್ ಸಿಲಿಂಡರುಗಳ ಸೀಲುಗಳನ್ನು ಬದಲಿಸಿ, ಕೊಳವೆಯನ್ನು ಪೂರ್ತಿ ತೊಳೆಯಬೇಕು ಅಥವಾ ಬದಲಿಸಬೇಕು. ಬ್ರೇಕ್ ದ್ರವದ ಡಬ್ಬಿ ಸಣ್ಣ ಊರಿನ ಅಂಗಡಿಗಳಲ್ಲಿಯೂ ಸಿಗುತ್ತದೆ, ಕ್ಲಚ್‌ನ ಖನಿಜ ತೈಲ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಖನಿಜ ತೈಲದ ಬೈಕುಗಳಲ್ಲಿ ಈ ತಪ್ಪು ನಡೆಯುವ ಸಾಧ್ಯತೆ ಹೆಚ್ಚು.

ದೋಷಗಳ ಎರಡು ವರ್ಗಗಳು

ಕ್ಲಚ್‌ನ ಎಲ್ಲ ದೋಷಗಳನ್ನೂ ಎರಡು ವರ್ಗಗಳಲ್ಲಿ ಅಡಕಗೊಳಿಸಬಹುದು. ಪರೀಕ್ಷೆ ಆರಂಭಿಸುವ ಮೊದಲು ದೋಷ ಯಾವ ವರ್ಗಕ್ಕೆ ಸೇರಿದ್ದೆಂದು ತೀರ್ಮಾನಿಸುವುದು ಅಗತ್ಯ, ಏಕೆಂದರೆ ಇವೆರಡರ ಕಾರಣಗಳು ಬೇರೆ ಬೇರೆ.

ಬೇರ್ಪಡದಿರುವಿಕೆ: ಲಿವರ್ ಪೂರ್ತಿ ಒತ್ತಿದರೂ ಫಲಕಗಳು ಬಿಡುವುದಿಲ್ಲ. ಮೊದಲನೆಯ ಗೇರ್ ಹಾಕಿದಾಗ ಬೈಕು ಜಗ್ಗಿ ಮುಂದೆ ಹೋಗುತ್ತದೆ ಅಥವಾ ಎಂಜಿನ್ ನಿಲ್ಲುತ್ತದೆ. ನಿಂತಾಗ ನ್ಯೂಟ್ರಲ್ ಸಿಗುವುದಿಲ್ಲ. ಗೇರ್ ಬದಲಿಸುವಾಗ ಕಟಕಟ ಸದ್ದು ಬರುತ್ತದೆ. ದ್ರವದ ಹಾದಿಯಲ್ಲಿನ ಗಾಳಿ, ಸೋರಿಕೆ, ಸವೆದ ಸೀಲು, ಉಬ್ಬುವ ಕೊಳವೆ ಇವು ಎಂಜಿನ್ನಿನ ಹೊರಗಿನ ಕಾರಣಗಳು. ಸೊಟ್ಟಗಾದ ಉಕ್ಕಿನ ಫಲಕ, ಕ್ಲಚ್ ಬುಟ್ಟಿಯ ಹಲ್ಲುಗಳಲ್ಲಿ ಬಿದ್ದ ಗುಳಿ ಮತ್ತು ಹೊಂದಿಕೆಯಾಗದ ಎಂಜಿನ್ ಆಯಿಲ್ ಒಳಗಿನ ಕಾರಣಗಳು.

ಜಾರುವಿಕೆ: ಲಿವರ್ ಬಿಟ್ಟಿದ್ದರೂ ಫಲಕಗಳು ಪೂರ್ತಿ ಕೂಡಿಕೊಳ್ಳುವುದಿಲ್ಲ. ಎಕ್ಸಲರೇಟರ್ ತಿರುಗಿಸಿದರೆ ಎಂಜಿನ್ನಿನ ಸದ್ದು ಏರುತ್ತದೆ, ವೇಗ ಏರುವುದಿಲ್ಲ. ಏರುದಾರಿಯಲ್ಲಿ ಇದು ಮೊದಲು ಗೊತ್ತಾಗುತ್ತದೆ. ಮುಚ್ಚಿಹೋದ ಮರಳುರಂಧ್ರ, ಅತಿಯಾಗಿ ತುಂಬಿದ ತೊಟ್ಟಿ, ಪೂರ್ತಿ ಹಿಂದಿರುಗದ ಲಿವರ್ ಹೊರಗಿನ ಕಾರಣಗಳು. ಸವೆದ ಘರ್ಷಣೆ ಫಲಕಗಳು, ಸೋತ ಸ್ಪ್ರಿಂಗ್‌ಗಳು ಮತ್ತು ಕಾರುಗಳಿಗೆ ಮೀಸಲಾದ ಜಾರು ಗುಣದ ಎಂಜಿನ್ ಆಯಿಲ್ ಒಳಗಿನ ಕಾರಣಗಳು. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್‌ಗಳಿಗೆ ಜಾಸೊ ಎಂಎ ಅಥವಾ ಎಂಎ2 ದರ್ಜೆಯ ಎಂಜಿನ್ ಆಯಿಲ್ ಸೂಕ್ತ.

ದೋಷ ಪತ್ತೆಯ ಕ್ರಮ

ಖರ್ಚಿಲ್ಲದ ಪರೀಕ್ಷೆಗಳು ಮೊದಲು, ಬಿಚ್ಚುವ ಕೆಲಸ ಕೊನೆಗೆ ಎಂಬುದು ಇಲ್ಲಿನ ಸೂತ್ರ.

1. ಲಿವರಿನ ಪರೀಕ್ಷೆ. ಬಿದ್ದ ಬೈಕಿನಲ್ಲಿ ಲಿವರ್ ಬಾಗಿರಬಹುದು. ಕೈರಕ್ಷಕದ ಬೋಲ್ಟು ಲಿವರಿಗೆ ಒತ್ತಿಕೊಂಡು ಅದು ಪೂರ್ತಿ ಹಿಂದಕ್ಕೆ ಬರದಂತೆ ತಡೆದಿರಬಹುದು. ಲಿವರಿನ ತುದಿಯಲ್ಲಿ ಕೆಲವು ಮಿಲಿಮೀಟರಿನಷ್ಟು ಸಡಿಲ ಚಲನೆ ಇರಲೇಬೇಕು. ಅದಿಲ್ಲದಿದ್ದರೆ ಮಾಸ್ಟರ್ ಪಿಸ್ಟನ್ ಮರಳುರಂಧ್ರವನ್ನು ಸದಾ ಮುಚ್ಚಿಕೊಂಡಿರುತ್ತದೆ.

2. ತೊಟ್ಟಿಯ ಪರೀಕ್ಷೆ. ಹ್ಯಾಂಡಲನ್ನು ತೊಟ್ಟಿ ಸಮತಲವಾಗುವಂತೆ ತಿರುಗಿಸಿ, ಮುಚ್ಚಳದ ಸುತ್ತಲಿನ ಕೆಸರನ್ನು ಚೆನ್ನಾಗಿ ಒರೆಸಿದ ಮೇಲೆಯೇ ತೆರೆಯಬೇಕು. ಮಟ್ಟ ಕೈಪಿಡಿಯಲ್ಲಿ ಹೇಳಿದಷ್ಟಿದೆಯೇ, ದ್ರವದ ಬಣ್ಣ ಹೇಗಿದೆ ಎಂದು ನೋಡಬೇಕು. ಕಪ್ಪಾದ ದ್ರವ ಸೀಲು ಅಥವಾ ಲೋಹದ ಸವೆತವನ್ನೂ, ಹಾಲಿನಂತೆ ಮಬ್ಬಾದುದು ನೀರು ಸೇರಿರುವುದನ್ನೂ ಸೂಚಿಸುತ್ತದೆ.

3. ಪದೇ ಪದೇ ಒತ್ತುವ ಪರೀಕ್ಷೆ. ಲಿವರನ್ನು ಬೇಗ ಬೇಗ ಏಳೆಂಟು ಸಲ ಒತ್ತಿ ಬಿಡಬೇಕು. ಮೆತ್ತಗಿದ್ದ ಲಿವರ್ ಗಟ್ಟಿಯಾಗಿ ಕ್ಲಚ್ ಸ್ವಲ್ಪ ಸುಧಾರಿಸಿದರೆ ಒಳಗೆ ಗಾಳಿಯಿದೆ ಅಥವಾ ದ್ರವ ಸಾಲದಾಗಿದೆ. ಇದು ಫಲಕಗಳ ದೋಷವಲ್ಲ.

4. ಒತ್ತಿ ಹಿಡಿಯುವ ಪರೀಕ್ಷೆ. ಲಿವರನ್ನು ಸಮನಾದ ಬಲದಿಂದ ಒಂದು ನಿಮಿಷ ಒತ್ತಿ ಹಿಡಿಯಬೇಕು. ಅದು ನಿಧಾನವಾಗಿ ಹ್ಯಾಂಡಲಿನತ್ತ ಕುಸಿದರೆ ಎಲ್ಲಿಯೋ ಒತ್ತಡ ಸೋರುತ್ತಿದೆ. ಹೊರಗೆ ಎಲ್ಲಿಯೂ ಒದ್ದೆ ಕಾಣದೆ, ತೊಟ್ಟಿಯ ಮಟ್ಟವೂ ಇಳಿಯದಿದ್ದರೆ ಮಾಸ್ಟರ್ ಸಿಲಿಂಡರಿನ ಒಳಸೀಲನ್ನು ಶಂಕಿಸಬೇಕು.

5. ಸೋರಿಕೆಯ ಹುಡುಕಾಟ. ಲಿವರಿನ ಬುಡ, ಕೊಳವೆಯ ಎರಡೂ ತುದಿಗಳ ಜೋಡಣೆ ಮತ್ತು ಸ್ಲೇವ್ ಸಿಲಿಂಡರಿನ ಕೆಳಭಾಗವನ್ನು ನೋಡಬೇಕು. ಹಲ್ಲುಗಾಲಿಯ ಮುಚ್ಚಳದ ಒಳಗೆ ಚೈನಿನ ಎಣ್ಣೆ ಮತ್ತು ಮಣ್ಣು ಸೇರಿ ಗಟ್ಟಿಯಾಗುವುದರಿಂದ ಅಲ್ಲಿನ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ಮುಚ್ಚಳ ತೆಗೆದು, ತೊಳೆದು ಒರೆಸಿ, ಲಿವರನ್ನು ಕೆಲವು ಬಾರಿ ಒತ್ತಿದ ಮೇಲೆ ಮತ್ತೆ ನೋಡಬೇಕು.

6. ಕೊಳವೆಯ ಪರೀಕ್ಷೆ. ಒಬ್ಬರು ಲಿವರ್ ಒತ್ತುವಾಗ ಇನ್ನೊಬ್ಬರು ಕೊಳವೆಯುದ್ದಕ್ಕೂ ಕೈಯಾಡಿಸಬೇಕು. ಉಬ್ಬುವ ಅಥವಾ ಸೈಲೆನ್ಸರ್ ಕೊಳವೆಗೆ ತಾಗಿ ಕರಗಿದ ಭಾಗವಿದ್ದರೆ ಕೊಳವೆ ಬದಲಿಸಬೇಕು.

7. ಒತ್ತಡ ಬಿಡುಗಡೆಯ ಪರೀಕ್ಷೆ. ಇದು ಜಾರುವ ಕ್ಲಚ್‌ಗೆ ಸಂಬಂಧಿಸಿದ್ದು. ಕ್ಲಚ್ ಜಾರುತ್ತಿರುವಾಗಲೇ ಬೈಕು ನಿಲ್ಲಿಸಿ, ಎಂಜಿನ್ ಆರಿಸಿ, ಲಿವರ್ ಮುಟ್ಟದೆ ಗಾಳಿ ತೆಗೆಯುವ ತಿರುಪನ್ನು ಒಂದು ಕ್ಷಣ ಸಡಿಲಿಸಿ ಬಿಗಿಯಬೇಕು. ದ್ರವ ಚಿಮ್ಮಿ, ಆ ಬಳಿಕ ಜಾರುವಿಕೆ ನಿಂತರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತೆಂದು ಸಿದ್ಧವಾಗುತ್ತದೆ. ಆಗ ಮರಳುರಂಧ್ರ, ಲಿವರಿನ ಸಡಿಲ ಚಲನೆ ಮತ್ತು ತೊಟ್ಟಿಯ ಮಟ್ಟವನ್ನು ಸರಿಪಡಿಸಬೇಕು. ಫಲಕಗಳ ಖರ್ಚು ಉಳಿಯುತ್ತದೆ.

8. ಬಿಸಿಯ ಪರೀಕ್ಷೆ. ತಣ್ಣಗಿದ್ದಾಗ ಸರಿಯಾಗಿದ್ದು, ಬಹಳ ಹೊತ್ತು ಕಷ್ಟದ ದಾರಿಯಲ್ಲಿ ಓಡಿದ ಮೇಲೆ ಲಿವರ್ ಮೆತ್ತಗಾಗಿ, ತಣಿದ ಮೇಲೆ ಮತ್ತೆ ಸರಿಹೋದರೆ ದ್ರವ ತೇವ ಹೀರಿ ಕುದಿಯುತ್ತಿರಬಹುದು. ದ್ರವ ಬದಲಿಸಬೇಕು.

9. ಎಂಜಿನ್ನಿನ ಒಳಗಿನ ಪರೀಕ್ಷೆ. ಲಿವರ್ ಗಟ್ಟಿಯಾಗಿದ್ದು, ಸೋರಿಕೆಯೂ ಗಾಳಿಯೂ ಇಲ್ಲದೆ, ದೋಷ ಮಾತ್ರ ಉಳಿದಿದ್ದರೆ ಆಗ ಕ್ಲಚ್ ಮುಚ್ಚಳ ತೆಗೆಯಬೇಕು. ಫಲಕಗಳ ದಪ್ಪ, ಸ್ಪ್ರಿಂಗ್‌ಗಳ ಉದ್ದ, ಉಕ್ಕಿನ ಫಲಕಗಳ ಸಪಾಟು ಮತ್ತು ಬುಟ್ಟಿಯ ಹಲ್ಲುಗಳನ್ನು ಕೈಪಿಡಿಯಲ್ಲಿನ ಅಳತೆಗಳೊಂದಿಗೆ ಹೋಲಿಸಬೇಕು.

ಗಾಳಿ ತೆಗೆಯುವ ವಿಧಾನ

ಬ್ರೇಕಿನಲ್ಲಿ ಮಾಡುವಂತೆ ಮೇಲಿನಿಂದ ಕೆಳಕ್ಕೆ ದ್ರವ ತಳ್ಳಿ ಗಾಳಿ ತೆಗೆಯಲು ಸಾಧ್ಯವಿದ್ದರೂ, ಕ್ಲಚ್‌ನಲ್ಲಿ ಅದು ಹಲವು ಬಾರಿ ಫಲಿಸುವುದಿಲ್ಲ. ಒಂದು ಸಲಕ್ಕೆ ಸರಿಯುವ ದ್ರವ ಬಹಳ ಕಡಿಮೆಯಾದ್ದರಿಂದ, ಕೆಳಗೆ ತಳ್ಳಿದ ಗುಳ್ಳೆ ತಿರುಪನ್ನು ತಲುಪುವ ಮೊದಲೇ ಮತ್ತೆ ಮೇಲೇರುತ್ತದೆ. ಗಾಳಿಯ ಸಹಜ ಗತಿ ಮೇಲ್ಮುಖ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ದ್ರವ ಹಾಯಿಸುವುದು ಹೆಚ್ಚು ಪರಿಣಾಮಕಾರಿ.

ಹೊಸ ಸಿರಿಂಜಿನಲ್ಲಿ ಸರಿಯಾದ ದ್ರವವನ್ನು ತುಂಬಿ, ಅದರ ನಳಿಕೆಯಲ್ಲಿರುವ ಗಾಳಿಯನ್ನು ಮೊದಲು ಹೊರಹಾಕಬೇಕು. ತೊಟ್ಟಿಯ ಮುಚ್ಚಳ ತೆರೆದು ಸ್ವಲ್ಪ ದ್ರವ ತೆಗೆದಿಡಬೇಕು. ಟ್ಯಾಂಕಿನ ಮೇಲೆ ಬಟ್ಟೆ ಹೊದಿಸಬೇಕು. ನಳಿಕೆಯನ್ನು ಸ್ಲೇವ್ ಸಿಲಿಂಡರಿನ ತಿರುಪಿಗೆ ಬಿಗಿಯಾಗಿ ಸಿಕ್ಕಿಸಿ, ತಿರುಪನ್ನು ಅರ್ಧ ಸುತ್ತು ಸಡಿಲಿಸಿ, ಸಿರಿಂಜನ್ನು ನಿಧಾನವಾಗಿ ಒತ್ತಬೇಕು. ತೊಟ್ಟಿಯಲ್ಲಿ ಗುಳ್ಳೆಗಳು ಏಳುವುದು ಕಾಣುತ್ತದೆ. ತೊಟ್ಟಿ ತುಂಬಿ ಹರಿಯದಂತೆ ಇನ್ನೊಂದು ಸಿರಿಂಜಿನಿಂದ ದ್ರವ ತೆಗೆಯುತ್ತಿರಬೇಕು. ಗುಳ್ಳೆಗಳು ನಿಂತ ಮೇಲೆ ತಿರುಪನ್ನು ಬಿಗಿದು, ಆನಂತರ ಸಿರಿಂಜನ್ನು ತೆಗೆದು, ಮಟ್ಟ ಸರಿಪಡಿಸಿ ಮುಚ್ಚಳ ಹಾಕಬೇಕು.

ಇಷ್ಟಾದರೂ ಲಿವರ್ ಸ್ವಲ್ಪ ಮೆತ್ತಗಿದ್ದರೆ ಮಾಸ್ಟರ್ ಸಿಲಿಂಡರ್ ಎತ್ತರದಲ್ಲಿರುವಂತೆ ಹ್ಯಾಂಡಲ್ ತಿರುಗಿಸಿ, ಲಿವರನ್ನು ಒತ್ತಿ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿ ರಾತ್ರಿಯಿಡೀ ಬಿಡುವ ರೂಢಿಯಿದೆ. ಸಣ್ಣ ಗುಳ್ಳೆಗಳು ಮೇಲೇರಿ, ಬೆಳಗ್ಗೆ ಲಿವರ್ ಬಿಟ್ಟಾಗ ಮರಳುರಂಧ್ರದ ಮೂಲಕ ಹೊರಬೀಳುತ್ತವೆ.

ಬ್ರೇಕ್ ದ್ರವ ಬಣ್ಣ ಮತ್ತು ಪ್ಲಾಸ್ಟಿಕನ್ನು ಹಾಳುಮಾಡುತ್ತದೆ, ಕಣ್ಣಿಗೆ ಅಪಾಯಕಾರಿ. ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಬೇಕು. ತೆಗೆದ ಹಳೆಯ ದ್ರವವನ್ನು ಚರಂಡಿಗೆ, ಹೊಲಕ್ಕೆ ಅಥವಾ ಬಾವಿಯ ಹತ್ತಿರ ಸುರಿಯಬಾರದು.

ದಾರಿಯಲ್ಲಿ ಕ್ಲಚ್ ಕೆಟ್ಟಾಗ

ಊರಿನಿಂದ ದೂರದಲ್ಲಿ ಕ್ಲಚ್ ಬೇರ್ಪಡದಾದರೆ ಮೊದಲು ಲಿವರನ್ನು ಪದೇ ಪದೇ ಒತ್ತಿ ನೋಡಬೇಕು. ಸ್ವಲ್ಪವಾದರೂ ಒತ್ತಡ ಸಿಕ್ಕರೆ ಬೈಕನ್ನು ಸಮತಟ್ಟಾದ ದಾರಿಗೆ ತರಬಹುದು. ದ್ರವ ಬಿಸಿಯಾಗಿ ಹೀಗಾಗಿದ್ದರೆ ನೆರಳಿನಲ್ಲಿ ನಿಲ್ಲಿಸಿ ತಣಿಯಲು ಬಿಡುವುದೇ ತಕ್ಷಣದ ಪರಿಹಾರ. ತೊಟ್ಟಿ ಬರಿದಾಗಿದ್ದರೆ ಕೈಗೆ ಸಿಕ್ಕ ಎಂಜಿನ್ ಆಯಿಲ್ ಅಥವಾ ಅಡುಗೆ ಎಣ್ಣೆ ಹಾಕಬಾರದು. ಆ ದಿನ ಊರು ಸೇರಿದರೂ ಸೀಲುಗಳೆಲ್ಲ ಕೆಡಬಹುದು.

ಕ್ಲಚ್ ಇಲ್ಲದೆಯೂ ಬೈಕನ್ನು ನಿಧಾನವಾಗಿ ಓಡಿಸಲು ಸಾಧ್ಯ. ನ್ಯೂಟ್ರಲ್‌ನಲ್ಲಿ ಎಂಜಿನ್ ಚಾಲೂ ಮಾಡಿ, ಬೈಕನ್ನು ತಳ್ಳಿ ವೇಗ ಬಂದಾಗ ಗೇರ್ ಹಾಕಿ, ಎಕ್ಸಲರೇಟರ್ ಇಳಿಸಿದ ಕ್ಷಣದಲ್ಲಿ ಮುಂದಿನ ಗೇರ್‌ಗೆ ಹೋಗಬಹುದು. ನಿಲ್ಲುವ ಮೊದಲು ಓಡುತ್ತಿರುವಾಗಲೇ ನ್ಯೂಟ್ರಲ್‌ಗೆ ತರಬೇಕು. ಜನನಿಬಿಡ ರಸ್ತೆಯಲ್ಲಿ, ಇಳಿಜಾರಿನಲ್ಲಿ ಮತ್ತು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೀಗೆ ಓಡಿಸುವುದು ಅಪಾಯ. ಅಂಥ ಕಡೆ ಬೈಕನ್ನು ವಾಹನದಲ್ಲಿ ಹೇರಿಕೊಂಡು ಹೋಗುವುದೇ ಸರಿ. ಜಾರುತ್ತಿರುವ ಕ್ಲಚ್‌ನಲ್ಲಿ ಏರು ಹತ್ತಲು ಹಟ ಮಾಡಿದರೆ ಫಲಕಗಳು ಕೆಲವೇ ನಿಮಿಷಗಳಲ್ಲಿ ಸುಡಬಹುದು.

ನೆಲದ ಗುಣ ಮತ್ತು ಕ್ಲಚ್

ಕ್ಲಚ್‌ನ ಮೇಲೆ ಬೀಳುವ ಹೊರೆ ನೆಲದ ಗುಣವನ್ನು ಅವಲಂಬಿಸಿದೆ. ಗದಗ ಜಿಲ್ಲೆಯ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಭಾಗ ಇದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿನ ಎರೆ ಭೂಮಿಯ ಚಕ್ಕಡಿ ದಾರಿಗಳು ಬೇಸಿಗೆಯಲ್ಲಿ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತವೆ. ಮಳೆ ಬಿದ್ದೊಡನೆ ಅದೇ ಮಣ್ಣು ಅಂಟಿನಂತಾಗಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿಕೊಳ್ಳುತ್ತದೆ. ಬೆಳ್ಳಟ್ಟಿಯಂಥ ಊರುಗಳ ಹೊಲದ ದಾರಿಯಲ್ಲಿ ಮುಂಗಾರಿನ ಹೊತ್ತಿಗೆ ಸಿಕ್ಕಿಕೊಂಡ ಬೈಕನ್ನು ಹೊರತರಲು ಸವಾರರು ಕ್ಲಚ್ಚನ್ನು ಅರ್ಧ ಒತ್ತಿ ಎಂಜಿನ್ನಿನ ವೇಗ ಏರಿಸುತ್ತಾರೆ. ಗಾಲಿ ತಿರುಗದಿದ್ದಾಗ ಎಂಜಿನ್ನಿನ ಶಕ್ತಿಯೆಲ್ಲ ಫಲಕಗಳ ನಡುವೆ ಶಾಖವಾಗುತ್ತದೆ. ಆ ಶಾಖ ಸ್ಲೇವ್ ಸಿಲಿಂಡರಿನ ದ್ರವಕ್ಕೂ ತಲುಪುತ್ತದೆ. ಇಂಥಲ್ಲಿ ಕ್ಲಚ್ ಮೇಲೆ ಹೊರೆ ಹಾಕುವ ಬದಲು ಇಳಿದು, ಗಾಲಿಗೆ ಸಿಕ್ಕ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಯುವುದು ಉತ್ತಮ. ಅಂಟಿದ ಎರೆಮಣ್ಣು ಸ್ಲೇವ್ ಸಿಲಿಂಡರಿನ ಸುತ್ತ ಒಣಗಿ ಗಟ್ಟಿಯಾಗುವ ಮೊದಲೇ ತೊಳೆಯಬೇಕು. ಆದರೆ ಹೆಚ್ಚು ಒತ್ತಡದ ನೀರನ್ನು ಸೀಲುಗಳ ಮೇಲೆ ನೇರವಾಗಿ ಹಾಯಿಸಬಾರದು.

ಇದೇ ಭಾಗದಲ್ಲಿರುವ ಕಪ್ಪತಗುಡ್ಡದ ಕಲ್ಲುದಾರಿಗಳು ಬೇರೆ ಬಗೆಯ ಸವಾಲು ಒಡ್ಡುತ್ತವೆ. ಅಲ್ಲಿ ಕಡಿದಾದ ಏರು ಮತ್ತು ನಿಧಾನದ ಚಲನೆಯಿಂದ ಕ್ಲಚ್ ಬಿಸಿಯಾಗುತ್ತದೆ. ಸುಮಾರು 244 ಚದರ ಕಿಲೋಮೀಟರ್ ವಿಸ್ತಾರದ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವೆಂದು ಘೋಷಣೆಯಾಗಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅದರೊಳಗೆ ಬೈಕ್ ಓಡಿಸುವಂತಿಲ್ಲ.

ರ‍್ಯಾಲಿಗಳಲ್ಲಿ

ಸವಾರನಿಗೆ ತನ್ನ ಯಂತ್ರದ ತಿಳಿವಳಿಕೆ ಎಷ್ಟು ಮುಖ್ಯವೆಂಬುದನ್ನು ಡಕಾರ್ ರ‍್ಯಾಲಿ ತೋರಿಸುತ್ತದೆ. 1978ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನಿಂದ ಮೊದಲ ಬಾರಿಗೆ ಹೊರಟ ಈ ರ‍್ಯಾಲಿ 2009ರಿಂದ 2019ರವರೆಗೆ ದಕ್ಷಿಣ ಅಮೆರಿಕದಲ್ಲಿ ನಡೆಯಿತು. 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ದಿನದ ಸ್ಪರ್ಧೆಯ ನಡುವೆ ಬೈಕು ಕೆಟ್ಟರೆ ಸವಾರ ತಾನೇ, ಇಲ್ಲವೆ ಸಹಸ್ಪರ್ಧಿಗಳ ನೆರವಿನಿಂದ ಸರಿಪಡಿಸಿಕೊಳ್ಳಬೇಕು. 'ಮ್ಯಾರಥಾನ್' ಹಂತಗಳಲ್ಲಿ ರಾತ್ರಿ ತಂಗುವ ಜಾಗದಲ್ಲಿಯೂ ತಂಡದ ಮೆಕ್ಯಾನಿಕ್‌ಗಳ ಸಹಾಯ ಇರುವುದಿಲ್ಲ.

ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ 36ನೇ ಸ್ಥಾನ ಪಡೆದು, ಡಕಾರ್ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯ ಬೈಕ್ ಸವಾರರೆನಿಸಿದರು. ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ ಪೆರುವಿನಲ್ಲಿ ನಡೆದ ರ‍್ಯಾಲಿಯನ್ನು 37ನೇ ಸ್ಥಾನದೊಂದಿಗೆ ಮುಗಿಸಿದರು. ಮರಳು ದಿಬ್ಬಗಳಲ್ಲಿ ಸಾವಿರಾರು ಕಿಲೋಮೀಟರ್ ಓಡುವ ಇಂಥ ಸ್ಪರ್ಧೆಗಳಲ್ಲಿ ಕ್ಲಚ್ಚನ್ನು ಮಿತವಾಗಿ ಬಳಸುವುದೂ ಸವಾರಿಯ ಕೌಶಲದ ಒಂದು ಭಾಗ.

ನಿರ್ವಹಣೆ

ಗ್ಲೈಕಾಲ್ ಆಧಾರಿತ ದ್ರವವನ್ನು ಬೈಕು ಓಡಲಿ, ಓಡದಿರಲಿ ಕೈಪಿಡಿಯಲ್ಲಿ ಹೇಳಿದ ಅವಧಿಗೆ ಬದಲಿಸಬೇಕು. ಸಾಮಾನ್ಯವಾಗಿ ಇದು ಒಂದರಿಂದ ಎರಡು ವರ್ಷ. ಡಬ್ಬಿ ತೆರೆದು ಬಹುಕಾಲ ಇಟ್ಟ ದ್ರವವನ್ನು ಬಳಸಬಾರದು. ಪ್ರತಿ ಸವಾರಿಗೂ ಮುನ್ನ ಲಿವರಿನ ಸಡಿಲ ಚಲನೆಯನ್ನೂ ತೊಟ್ಟಿಯ ಮಟ್ಟವನ್ನೂ ನೋಡಬೇಕು. ದೂರದ ಪ್ರಯಾಣದಲ್ಲಿ ಸರಿಯಾದ ದ್ರವದ ಚಿಕ್ಕ ಡಬ್ಬಿ, ಸಿರಿಂಜು, ನಳಿಕೆ, ತಿರುಪಿಗೆ ಹೊಂದುವ ಪಾನಾ ಮತ್ತು ಒಂದು ಹೆಚ್ಚುವರಿ ಲಿವರ್ ಜೊತೆಯಲ್ಲಿರಬೇಕು. ದ್ರವ ಬದಲಿಸಿದ ದಿನಾಂಕ, ದ್ರವದ ಹೆಸರು ಮತ್ತು ತೊಟ್ಟಿಯ ಮಟ್ಟವನ್ನು ಬರೆದಿಟ್ಟರೆ ಮುಂದಿನ ದೋಷ ಪತ್ತೆ ಸುಲಭವಾಗುತ್ತದೆ. ಮಟ್ಟ ನಿಧಾನವಾಗಿ ಏರುತ್ತಿದ್ದರೆ ಫಲಕಗಳು ಸವೆಯುತ್ತಿವೆ ಎಂದೂ, ಇಳಿದಿದ್ದರೆ ಸೋರಿಕೆಯಿದೆ ಎಂದೂ ಆ ಬರಹದಿಂದಲೇ ತಿಳಿಯಬಹುದು.